ಮೊದಲ ಎಚ್ಚರಿಕೆ ಯಾರಿಗೆ?

ಕಾರವಾರದ ಕಡೆಯ ಒಂದು ಬಂದರಿನ ಮೀನುಗಾರರ ಸಂಘಕ್ಕೆ ಬಿರುಗಾಳಿಯ ಎಚ್ಚರಿಕೆ ಕೊಡುವ ಆ್ಯಪ್ ಬೇಕಾಗಿತ್ತು. ದೋಣಿಯವರ ಮೊಬೈಲಿನಲ್ಲೂ ಕಚೇರಿಯ ಕಂಪ್ಯೂಟರಿನಲ್ಲೂ ಅದು ನಡೆಯಬೇಕು. ಬರೆದುಕೊಡಲು ಒಪ್ಪಿದವಳು ಅದೇ ಊರಿನ ವೃಂದಾ.

ಅಧ್ಯಕ್ಷ ಗಜಾನನ ಹರಿಕಂತ್ರರು ಯಾವುದೋ ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿಬಂದಿದ್ದರು. "ಎರಡಕ್ಕೂ ಒಂದೇ ಪ್ರೋಗ್ರಾಮಿಂಗ್ ಭಾಷೆ ಇರಲಿ. ಅದೂ ಎಲ್ಲಕ್ಕಿಂತ ಹೊಸದು. ಹಳೆಯದರಲ್ಲಿ ಬರೆದರೆ ಸಂಘದ ಮರ್ಯಾದೆ ಏನಾಗಬೇಕು?" ಎಂದರು. ಆ ಹೊಸ ಭಾಷೆಯಲ್ಲಿ ಬರೆದ ಆ್ಯಪ್ ದೋಣಿಯವರ ಹಳೆಯ ಫೋನುಗಳಲ್ಲಿ ನಡೆಯುವುದಿಲ್ಲವೆಂದು ವೃಂದಾ ಎಷ್ಟು ಹೇಳಿದರೂ ಕೇಳಲಿಲ್ಲ.

ವೃಂದಾ ವಾದ ಬಿಟ್ಟಳು. ಹೊಸ ಭಾಷೆಯಲ್ಲೇ ಒಂದು ಮಾದರಿ ಮಾಡಿ ತಂದಳು.

"ಅಧ್ಯಕ್ಷರೇ, ಮೊದಲ ಎಚ್ಚರಿಕೆ ಯಾರಿಗೆ ಹೋಗಲಿ? ನೀವೇ ಹೇಳಿ."

"ನನ್ನ ತಮ್ಮನಿಗೇ ಹೋಗಲಿ!"

ದಡದಲ್ಲಿ ಬಲೆ ಹೊಲಿಯುತ್ತಿದ್ದ ತಮ್ಮ, ಕರೆದಾಗ ಬಂದು, ರಬ್ಬರ್ ಬ್ಯಾಂಡ್ ಸುತ್ತಿದ ಫೋನನ್ನು ಜೇಬಿನಿಂದ ತೆಗೆದುಕೊಟ್ಟ. ಆ್ಯಪ್ ಅದರಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ.

ವೃಂದಾ ಆ ಫೋನನ್ನು ಅಧ್ಯಕ್ಷರ ಕೈಗಿಟ್ಟಳು. "ಮೊದಲ ಎಚ್ಚರಿಕೆಗೆ ಇವರನ್ನು ಬಿಟ್ಟು, ಹೊಸ ಫೋನಿರುವ ಬೇರೆ ಯಾರನ್ನಾದರೂ ಕರೆಯೋಣವೇ?"

ಅಧ್ಯಕ್ಷರು ತಮ್ಮನ ಮುಖ ನೋಡಿದರು. ಮರುದಿನ ನಸುಕಿಗೆ ಅವನು ಕಡಲಿಗೆ ಇಳಿಯುವವನಿದ್ದ.

"ಬೇಡ ತಂಗೀ," ಎಂದರು ಮೆತ್ತಗೆ. "ಇವನ ಫೋನಿನಲ್ಲಿ ಯಾವುದು ನಡೆಯುತ್ತದೋ ಆ ಭಾಷೆಯಲ್ಲೇ ಬರಿ. ಕಚೇರಿಯದು ಆಮೇಲೆ ನೋಡೋಣ."