ಮೂರನೆಯ ಕೂಗು

“ನಿಯಮವನ್ನು ಚೂರೂ ತಪ್ಪದೆ ನಡೆಸಿದವರಿಗೂ ದೋಷ ತಟ್ಟುವುದುಂಟೆ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ತಟ್ಟಿತೆಂದು ಯಾರಾದರೂ ಹೇಳಿದರೇನು?”

“ಯಾರೂ ಹೇಳಿಲ್ಲ. ನನಗೇ ಹಾಗೆ ಅನ್ನಿಸುತ್ತಿದೆ.”

“ಹಾಗಾದರೆ ಕೂತುಕೋ,” ಎಂದು ಗುರುಗಳು ಈ ಕತೆ ಹೇಳಿದರು.

ಉತ್ತರದಲ್ಲಿ, ಹಿಮದ ಬೆಟ್ಟಗಳನ್ನು ಹತ್ತಿದ ಮೇಲೆ, ಒಂದು ಬಯಲು ಇದೆ. ಬೆಟ್ಟಗಳ ನೆತ್ತಿಯ ಮೇಲೆಯೇ ಹಾಸಿಕೊಂಡ ಬಯಲು. ಅಲ್ಲಿ ಮಳೆಯಿಲ್ಲ, ಮರವಿಲ್ಲ. ಕಲ್ಲು, ಮರಳು, ಗಾಳಿ, ಅಷ್ಟೇ. ದಾಟಲು ಮೂರು ದಿನ ಬೇಕು. ಆಚೆ ಕಡೆ ಉಪ್ಪಿನ ಕೆರೆಯಿದೆ, ಅದರ ದಂಡೆಯಲ್ಲಿ ಕುರಿ ಸಾಕುವವರ ಡೇರೆಗಳಿವೆ. ಈಚೆ ಕಡೆ, ತೀರಾ ಕೆಳಗಿನ ಕಣಿವೆಯಲ್ಲಿ, ಒಂದು ಊರಿದೆ. ಆ ಊರಿನವರು ವರ್ಷಕ್ಕೊಮ್ಮೆ ಮೇಕೆಗಳ ಬೆನ್ನಿಗೆ ಜವೆಗೋಧಿಯ ಚೀಲಗಳನ್ನು ಹೇರಿಕೊಂಡು ಬಯಲು ದಾಟುತ್ತಾರೆ. ಅದನ್ನು ಕೊಟ್ಟು ಉಪ್ಪು ತರುತ್ತಾರೆ.

ಊರಿನಲ್ಲಿ ಒಂದು ಕಟ್ಟಳೆಯಿತ್ತು. ಕಣ್ಣಿಗೆ ಕಾಣದ ಕಡೆಯಿಂದ ಯಾರಾದರೂ ಕರೆದರೆ ಮೊದಲ ಕೂಗಿಗೆ ಓಗೊಡಬಾರದು. ಎರಡನೆಯದಕ್ಕೂ ಕೂಡದು. ಗಾಳಿಯಲ್ಲಿ ಇರುವಂಥದ್ದು ನಮ್ಮವರ ದನಿಯಲ್ಲೇ ಕರೆಯುತ್ತದೆ. ಓಗೊಟ್ಟವರನ್ನು ತನ್ನ ಜೊತೆ ಕರೆದೊಯ್ಯುತ್ತದೆ. ಆದರೆ ಅದು ಕರೆಯುವುದು ಎರಡೇ ಸಲ. ಮೂರನೆಯ ಸಲ ಕರೆದರೆ ಅದು ಮನುಷ್ಯರೇ. ಊರಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಇದನ್ನು ಕಲಿಯುತ್ತಿದ್ದರು. ಪಕ್ಕದ ಮನೆಯವರನ್ನು ಊಟಕ್ಕೆ ಕರೆಯಬೇಕೆಂದರೂ ಅಂಗಳದಲ್ಲಿ ನಿಂತು ಮೂರು ಸಲ ಕರೆಯಬೇಕು. ಗಂಜಿ ಆರಿಹೋದರೆ ಹೋಗಲಿ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಒಂದು ವರ್ಷ, ಉಪ್ಪಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ಅವನ ಕಾಲು ಮುರಿಯಿತು. ಅವನ ಹೆಂಡತಿ ಹಿಂದೊಮ್ಮೆ ಗಂಡನ ಜೊತೆ ಬಯಲು ದಾಟಿ ಬಂದವಳು. ಅವಳು ಇಪ್ಪತ್ತು ಮೇಕೆಗಳನ್ನು ಹೊಡೆದುಕೊಂಡು ತಾನೇ ಹೊರಟಳು. ಜೊತೆಗೆ ಗಂಡನ ತಂಗಿ ಬಂದಳು. ಆ ಹುಡುಗಿ ಕಣಿವೆ ಬಿಟ್ಟು ಮೇಲೆ ಹತ್ತಿದವಳೇ ಅಲ್ಲ.

“ಅವಳ ಮೇಲೆ ಒಂದು ಕಣ್ಣಿರಲಿ,” ಎಂದ ರೈತ, ಮಲಗಿದಲ್ಲಿಂದಲೇ.

“ಅವಳ ಬಾಯಿ ಇರುವಾಗ ಕಣ್ಣು ಯಾಕೆ? ಕಿವಿ ಇದ್ದರೆ ಸಾಕು,” ಎಂದಳು ಹೆಂಡತಿ.

ನಾದಿನಿಯ ಬಾಯಿ ಅಂಥದೇ. ಅತ್ತಿಗೆ ಮನೆಗೆ ಬಂದು ಎಂಟು ವರ್ಷವಾಗಿತ್ತು. ಎಂಟು ವರ್ಷವೂ ಅವಳು ಬೇಯಿಸಿದ್ದು, ನೂತದ್ದು, ಉಟ್ಟದ್ದು, ಯಾವುದೂ ಆ ಬಾಯಿಯಿಂದ ತಪ್ಪಿಸಿಕೊಂಡಿರಲಿಲ್ಲ. ಹಾಗೆಂದು ನಾದಿನಿ ಕೆಟ್ಟವಳಲ್ಲ. ಅತ್ತಿಗೆಗೆ ಜ್ವರ ಬಂದಾಗ ರಾತ್ರಿಯಿಡೀ ಕಾಲೊತ್ತಿದವಳು ಅವಳೇ. ಒತ್ತುತ್ತಾ, “ನಿನ್ನ ಕಾಲು ಮೇಕೆಯ ಕಾಲಿನ ಹಾಗಿದೆ,” ಎಂದವಳೂ ಅವಳೇ.

ಮೊದಲ ದಿನ ನಾದಿನಿ ಹಾಡಿಕೊಂಡು ನಡೆದಳು. ಎರಡನೆಯ ದಿನ ಹಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚೀಲ ಹೇರುವ ಹೊತ್ತಿಗೆ ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಳು. ಕುಡಿದ ಗಂಜಿಯನ್ನು ಕಾರಿದ್ದಳು.

“ತಲೆ ಸಿಡಿಯುತ್ತಿದೆ, ಅತ್ತಿಗೆ.”

“ಚೀಲ ಹೇರಬೇಕೆಂದಾಗ ಸಿಡಿಯುತ್ತದೆ. ಹೇರಿ ಮುಗಿಯಲಿ, ಸರಿಹೋಗುತ್ತದೆ.”

“ನಡೆಯುತ್ತಾ ಎಲ್ಲಾದರೂ ಬಿದ್ದುಬಿಟ್ಟರೆ?”

“ಕೂಗು.”

“ಮೂರು ಸಲ ಕೂಗುತ್ತೇನೆ. ಲೆಕ್ಕ ತಪ್ಪಬೇಡ.”

“ಮೂರೇ ಯಾಕೆ? ಮೂವತ್ತು ಸಲ ಕೂಗು. ನಿನ್ನ ಬಾಯಿಗೇನು ಬಡತನ?”

ನಾದಿನಿ ನಕ್ಕಳು. ನಕ್ಕಾಗ ತಲೆ ಇನ್ನೂ ನೋಯಿತೋ ಏನೋ, ಮುಖ ಸಿಂಡರಿಸಿಕೊಂಡು ಬಯಲನ್ನು ನೋಡಿದಳು. “ಏನು ನೆಲವಪ್ಪಾ ಇದು! ಒಂದು ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ. ಇದು ನಿನ್ನ ತವರಿನ ಕಡೆಯದೇನು, ಅತ್ತಿಗೆ?”

ಅತ್ತಿಗೆಗೆ ಮಕ್ಕಳಿರಲಿಲ್ಲ.

ಅವಳು ಉಳಿದ ಹನ್ನೊಂದು ಮೇಕೆಗಳಿಗೂ ಒಬ್ಬಳೇ ಚೀಲ ಕಟ್ಟಿದಳು. ನಾದಿನಿ ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದಳು. ಅತ್ತಿಗೆ ಆ ಕೈಯನ್ನು ಬಿಡಿಸಿದಳು. “ನಿಧಾನವಾಗಿ ಬಾ. ನಿನಗಾಗಿ ಮೇಕೆ ನಿಲ್ಲಿಸಲಾರೆ,” ಎಂದು ಹೊರಟಳು.

ನಾದಿನಿ ಹಿಂದುಳಿದಳು. ಮೊದಲು ಅವಳ ಹೆಜ್ಜೆ ಕೇಳುತ್ತಿತ್ತು. ಆಮೇಲೆ ಕೆಮ್ಮು ಮಾತ್ರ. ಒಂದು ದಿಣ್ಣೆ ಹತ್ತಿ ಇಳಿದ ಮೇಲೆ ಅದೂ ಇಲ್ಲ. ಬಿಸಿಲು ನೆತ್ತಿಗೆ ಬರುವುದಿತ್ತು. ಎಲ್ಲವೂ ಬೆಳ್ಳಗೆ, ಸ್ವಚ್ಛವಾಗಿ ಕಾಣುತ್ತಿತ್ತು. ಅಡಗಿಕೊಳ್ಳಲು ಒಂದು ನೆರಳೂ ಇರಲಿಲ್ಲ.

ಆಗ ಕೂಗು ಬಂತು. “ಅತ್ತಿಗೇ!”

ಅತ್ತಿಗೆಯ ಕತ್ತಿನ ಹಿಂದಿನ ಕೂದಲು ನಿಮಿರಿದವು. ಅವಳು ತಿರುಗಲಿಲ್ಲ. ತಿರುಗಿದವು ಮೇಕೆಗಳು. ಇಪ್ಪತ್ತೂ ಮೇಕೆಗಳು, ಒಂದೇ ದಾರದಿಂದ ಎಳೆದ ಹಾಗೆ, ದಿಣ್ಣೆಯ ಕಡೆ ಮುಖ ಮಾಡಿ ನಿಂತವು. ‘ಇವಕ್ಕೆ ಕಟ್ಟಳೆ ಏನು ಗೊತ್ತು,’ ಎಂದುಕೊಂಡು ಅವಳು ಕೋಲು ಬೀಸಿದಳು. ಮೇಕೆಗಳು ನಡೆದವು.

“ಅತ್ತಿಗೇ!”

ಎರಡನೆಯ ಕೂಗು ಸಣ್ಣದಾಗಿತ್ತು. ಬಂದದ್ದೂ ಹಿಂದಿನಿಂದಲ್ಲ, ಎದುರಿನಿಂದ ಬಂದ ಹಾಗಿತ್ತು. ಎದುರಿಗೆ ಏನಿದೆ? ಎತ್ತರದ ಒಂದು ಬಂಡೆ, ಅಷ್ಟೇ. ಹಿಂದೆ ಉಳಿದವಳು ಎದುರಿನಿಂದ ಹೇಗೆ ಕರೆಯುತ್ತಾಳೆ? ಅನುಮಾನವೇ ಬೇಡ, ಇದು ಅದೇ.

ಆದರೂ ಅವಳು ಲೆಕ್ಕ ತಪ್ಪಲಿಲ್ಲ. ಎರಡಾಯಿತು. ಅವಳೇ ಆಗಿದ್ದರೆ ಇನ್ನೊಂದು ಸಲ ಕರೆಯಲಿ. ಕಟ್ಟಳೆ ಅವಳಿಗೂ ಗೊತ್ತಲ್ಲ. ಬಾಯಿಗೇನು ಬಡತನ? ಮೇಕೆಗಳನ್ನು ಹೊಡೆಯುತ್ತಾ, ಕಿವಿಯನ್ನು ಹಿಂದಕ್ಕೆ ಬಿಟ್ಟು, ಅವಳು ಮುಂದೆ ಸಾಗಿದಳು. ಗಂಟೆ ಕಟ್ಟಿದ ಮುಂದಾಳು ಮೇಕೆ ನಡುದಾರಿಯಲ್ಲಿ ಕಾಲು ಮಡಚಿ ಕೂತುಬಿಟ್ಟಿತು. ಅವಳು ಅದರ ಕಿವಿ ತಿರುಚಿ ಎಬ್ಬಿಸಿದಳು.

ಗಾಳಿ ನಿಂತಿತ್ತು. ಮೂರು ದಿನದಲ್ಲಿ ಮೊದಲ ಸಲ. ಒಂದು ಮರಳಿನ ಕಾಳು ಉರುಳಿದರೂ ಕೇಳುವಂತಿತ್ತು.

ಮೂರನೆಯ ಕೂಗು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಡೇರೆಗಳನ್ನು ಮುಟ್ಟಿದಳು. ಒಬ್ಬ ಮುದುಕಿ ಬಿಸಿ ಚಹಾ ಬಗ್ಗಿಸಿ ಕೊಟ್ಟು, “ಒಬ್ಬಳೇ ದಾಟಿದೆಯಾ, ಮಗಳೇ?” ಎಂದು ಕೇಳಿದಳು.

“ನಾದಿನಿ ಹಿಂದೆ ಇದ್ದಾಳೆ. ಬರುತ್ತಾಳೆ.” ಚಹಾ ಒಳಗೆ ಇಳಿದಂತೆ ಅವಳಿಗೆ ಧೈರ್ಯ ಬಂತು. ಸ್ವಲ್ಪ ಹೆಮ್ಮೆಯೂ ಬಂತು. “ದಾರಿಯಲ್ಲಿ ಅದು ನನ್ನನ್ನು ಕರೆಯಿತು, ಅಜ್ಜಿ. ಅವಳದೇ ದನಿ. ನಾನು ಓಗೊಡಲಿಲ್ಲ. ಮೂರನೆಯ ಕೂಗಿಗೆ ಕಾದೆ. ಬರಲೇ ಇಲ್ಲ.”

ಮುದುಕಿ ಪಾತ್ರೆಯನ್ನು ಕೆಳಗಿಟ್ಟಳು. “ಮೂರು ಎಂದು ನಿನಗೆ ಯಾರು ಹೇಳಿದರು?”

“ನಮ್ಮ ಊರಿನ ಹಿರಿಯರು.”

“ನಿಮ್ಮ ಊರು ಕೆಳಗಿದೆ. ಅಲ್ಲಿ ಎಲ್ಲರಿಗೂ ಉಸಿರು ಧಾರಾಳ. ಇಲ್ಲಿ ತಲೆನೋವು ಹಿಡಿದು ಕೂತವರಿಗೆ ಎರಡು ಸಲ ಕೂಗುವುದರಲ್ಲಿ ಉಸಿರು ತೀರುತ್ತದೆ. ಇಲ್ಲಿ ಮೂರು ಸಲ, ಮುನ್ನೂರು ಸಲ ಕೂಗುವುದು ಅದು. ಅದಕ್ಕೆ ಉಸಿರಾಡುವ ಗೊಡವೆಯಿಲ್ಲವಲ್ಲ.” ಮುದುಕಿ ಆಗಲೇ ಎದ್ದು ಗಂಡನನ್ನು ಕರೆಯುತ್ತಿದ್ದಳು. “ನಾವು ಮೊದಲ ಕೂಗಿಗೇ ಓಡುತ್ತೇವೆ, ಮಗಳೇ. ಏಳು.”

ಮೂವರೂ ಬಂದ ದಾರಿಯಲ್ಲೇ ಓಡುತ್ತಾ, ನಡೆಯುತ್ತಾ, ಮತ್ತೆ ಓಡುತ್ತಾ ಹಿಂದಕ್ಕೆ ಹೋದರು. ಬಿಸಿಲು ಇನ್ನೂ ಇತ್ತು. ದಿಣ್ಣೆ ಹತ್ತಿ ಆಚೆ ಇಳಿದೊಡನೆ ನಾದಿನಿ ಕಂಡಳು. ದಾರಿಯ ಪಕ್ಕದ ಬಂಡೆಗೆ ಒರಗಿ, ದಿಣ್ಣೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ಕಣ್ಣು ತೆರೆದಿತ್ತು. ಎರಡು ಅಂಗೈಗಳೂ ಬಾಯಿಯ ಸುತ್ತ ಇದ್ದವು, ಇನ್ನೇನು ಕೂಗುತ್ತಾಳೆ ಎನ್ನುವ ಹಾಗೆ. ಅತ್ತಿಗೆ ಆ ಕೈಗಳನ್ನು ಹಿಡಿದು ಇಳಿಸಲು ನೋಡಿದಳು. ಕೈಗಳು ಕಲ್ಲಿನಷ್ಟು ತಣ್ಣಗಿದ್ದವು. ಇಳಿಯಲಿಲ್ಲ.

ನೆಲ ಅಗೆಯಲು ಬಾರದ್ದು. ಆದ್ದರಿಂದ ಅವರು ಅವಳ ಮೇಲೆ ಕಲ್ಲುಗಳನ್ನು ಪೇರಿಸಿದರು. ಕೊನೆಯ ಕಲ್ಲು ಇಟ್ಟು ಹೊರಟಾಗ ಗಾಳಿ ಎದ್ದಿತು. ಹತ್ತು ಹೆಜ್ಜೆ ಹಾಕಿರಬೇಕು, ಹಿಂದಿನಿಂದ ಕೂಗು ಬಂತು.

“ಅತ್ತಿಗೇ!”

ಬಳಲಿಕೆಯಿಲ್ಲದ, ಮೊದಲ ದಿನ ಹಾಡುತ್ತಿದ್ದಾಗಿನ ದನಿ. ಅತ್ತಿಗೆ ನಿಂತಳು.

“ಅತ್ತಿಗೇ! ಅತ್ತಿಗೇ!”

ಮುದುಕಿ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು. “ತಿರುಗಬೇಡ. ಅದು ಈ ಮಾತನ್ನು ಈಗಷ್ಟೇ ಕಲಿಯಿತು.”

ಡೇರೆ ಮುಟ್ಟುವವರೆಗೂ ಅದು ಕರೆಯುತ್ತಲೇ ಇತ್ತು. ನಾಲ್ಕು, ಐದು, ಹತ್ತು. ಆಮೇಲೆ ಅವಳು ಎಣಿಸುವುದನ್ನು ಬಿಟ್ಟಳು.

ಬೇರೆ ತಂಡದ ಜೊತೆ ಅವಳು ಊರಿಗೆ ಮರಳಿದಳು. ನಡೆದದ್ದನ್ನು ಮುಚ್ಚಿಡಲಿಲ್ಲ. ಊರಿನ ಹಿರಿಯರು ಸೇರಿ ಎಲ್ಲವನ್ನೂ ಕೇಳಿದರು. ಎಷ್ಟು ಕೂಗು ಎಂದು ಎರಡೆರಡು ಸಲ ವಿಚಾರಿಸಿದರು. ಕೊನೆಗೆ, ಹೆಂಗಸು ಕಟ್ಟಳೆಯನ್ನು ಸರಿಯಾಗಿಯೇ ನಡೆಸಿದ್ದಾಳೆ, ಅವಳ ಮೇಲೆ ಯಾವ ದೋಷವೂ ಇಲ್ಲ ಎಂದರು. ಅವಳ ಗಂಡನೂ ಬೈಯಲಿಲ್ಲ. ಮುರಿದ ಕಾಲನ್ನು ಚಾಚಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದ.

ಆಮೇಲೆ ಅವಳು ಯಾರ ಎರಡನೆಯ ಕೂಗಿಗೂ ಕಾಯಲಿಲ್ಲ. ಬೀದಿಯಲ್ಲಿ ಯಾರು ಯಾರನ್ನು ಕರೆದರೂ ಇವಳು ಹೊಸ್ತಿಲಿಗೆ ಓಡಿಬರುತ್ತಿದ್ದಳು. ಊರು ನಗುತ್ತಿತ್ತು. ಕೆಲವು ದಿನ, ಯಾರೂ ಕರೆಯದೆ ಇರುವಾಗಲೇ, ರೊಟ್ಟಿ ಬಡಿಯುತ್ತಾ ಕೂತವಳು ಕೈ ನಿಲ್ಲಿಸಿ, “ಬಂದೆ ಕಣೇ, ಬಂದೆ,” ಎನ್ನುತ್ತಿದ್ದಳು. ಆಗ ಊರು ನಗುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಬಿರುಸಾಗಿಯೇ ಕೇಳಿದ. “ಅವಳದೇನು ತಪ್ಪು, ಗುರುಗಳೇ? ಮೇಲೆ ಉಸಿರು ಸಾಲದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಿರಿಯರು ಕಲಿಸಿದಂತೆ ಮೂರನೆಯ ಕೂಗಿಗೆ ಕಾದಳು. ಅಷ್ಟೇ ಅಲ್ಲವೇ?”

ಗುರುಗಳು ಹೇಳಿದರು: “ಕಾಯುವವರು ನಿಂತು ಕಾಯುತ್ತಾರಪ್ಪ; ಅವಳು ನಡೆಯುತ್ತಲೇ ಇದ್ದಳು.”