ಮೃದಂಗದ ಸರದಿ

ಹಳೆಯ ಸಂಗೀತ ಸಭಾಂಗಣವನ್ನು ಕೆಡವಲು ಬುಲ್ಡೋಜರ್ ಬಂದು ಬಾಗಿಲಲ್ಲಿ ನಿಂತಿತ್ತು. ಅದನ್ನು ಉಳಿಸಲೇಬೇಕೆಂದು ಮೃದಂಗವು ಒಳಗೆ ರಸಿಕರ ಸಭೆ ಕರೆದಿತ್ತು. ಛತ್ರಿ, ಊರುಗೋಲು, ಜರಿಶಾಲು, ಎಲ್ಲರೂ ಬಂದರು. ಪಿಟೀಲು ಮಾತಾಡಿದಾಗ ತಲೆದೂಗಿದರು. ತಂಬೂರಿ ಹೇಳಿದ್ದನ್ನೇ ಹೇಳಿದಾಗಲೂ ತಲೆದೂಗಿದರು. ಮೃದಂಗದ ಸರದಿ ಬಂದದ್ದೇ ತಡ, ಒಬ್ಬೊಬ್ಬರಾಗಿ ಎದ್ದು ಸಭಾಂಗಣದ ಬೆನ್ನಿಗೇ ಇದ್ದ ಕ್ಯಾಂಟೀನಿಗೆ ಹೋದರು. ಅದು ಅವರ ರೂಢಿ; ಕಛೇರಿಯಲ್ಲೂ ಮೃದಂಗ ಒಂಟಿಯಾಗಿ ನುಡಿಸುವ ಹೊತ್ತೆಂದರೆ ಅವರಿಗೆ ಕಾಫಿಯ ಹೊತ್ತು.

"ಸಭಾಂಗಣ ಖಾಲಿ ಬಿದ್ದಿದೆ ಎಂದು ಹೇಳಿ ನನ್ನನ್ನು ಕಳಿಸಿದರು," ಎಂದಿತು ಬುಲ್ಡೋಜರ್. "ಸುಳ್ಳಲ್ಲ, ನೀನೇ ನೋಡು. ಶುರು ಮಾಡಲೇ?"

ಮೃದಂಗ ಸ್ವಲ್ಪ ಯೋಚಿಸಿತು. "ಮಾಡಪ್ಪ. ಆದರೆ ಹಿಂದಿನಿಂದ ಶುರು ಮಾಡು. ಮೊದಲು ಕ್ಯಾಂಟೀನು."

ಬುಲ್ಡೋಜರ್ ಹಿತ್ತಿಲಿಗೆ ತಿರುಗಿತು. ಮರುಕ್ಷಣವೇ ಛತ್ರಿ ಬಿಚ್ಚಿಕೊಂಡು ಅಡ್ಡ ನಿಂತಿತು, ಊರುಗೋಲು ನೆಲ ಕುಟ್ಟಿತು, ಜರಿಶಾಲು ಚಕ್ರದ ಮುಂದೆ ಮಲಗಿಯೇಬಿಟ್ಟಿತು.

"ಇದು ನಮ್ಮ ಪರಂಪರೆ," ಎಂದರು ಎಲ್ಲರೂ, ಕೈಯಲ್ಲಿದ್ದ ಲೋಟ ಕೆಳಗಿಡದೆ. "ಕೆಡವುವುದಾದರೆ ಮೊದಲು ನಮ್ಮ ಮೇಲೆ ಹತ್ತಿಸು."

ಸಂಜೆಯವರೆಗೂ ಕಾದ ಬುಲ್ಡೋಜರ್, ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಹೊರಟುಹೋಯಿತು. ಕೆಡವುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮುಂದಿನ ವಾರ ಗೆಲುವಿನ ಕಛೇರಿ ನಡೆಯಿತು. ಮೃದಂಗದ ಸರದಿ ಬಂತು. ರಸಿಕರು ಎದ್ದರು.

"ನಿನಗೆ ಬೇಜಾರಾಗುವುದಿಲ್ಲವೇ?" ಎಂದು ಪಿಟೀಲು ಮೆಲ್ಲಗೆ ಕೇಳಿತು.

"ಯಾಕೆ ಬೇಜಾರು? ಎದ್ದು ಹೋಗುವುದಕ್ಕಾದರೂ ಒಂದು ಸಭಾಂಗಣ ಬೇಕಲ್ಲ," ಎಂದು ಮೃದಂಗ ನುಡಿಸತೊಡಗಿತು.