ಗಡಿಯಾರದಪ್ಪನ ಎಡಗೈ

"ಅಪ್ಪಾರ, ಬ್ಯಾಡ ಬ್ಯಾಡ ಅನ್ನಾವ್ರ ಸೇವಾ ಮಾಡೂದು ಹ್ಯಾಂಗ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಚನ್ನಮಲ್ಲ. ಅವನ ಕೈಯಲ್ಲಿ ಗಂಜಿಯ ಬಟ್ಟಲಿತ್ತು, ತುಂಬಿದ್ದು ತುಂಬಿದಂತೆಯೇ. ಮಠದ ಅಡುಗೆಮನೆಯಲ್ಲಿ ಆಯುಷ್ಯವನ್ನೇ ಸವೆಸಿದ ರೇವಣಜ್ಜ ಈಗ ಹಾಸಿಗೆ ಹಿಡಿದಿದ್ದ. ಬಂದವರಿಗೆಲ್ಲ ಹೊಟ್ಟೆ ತುಂಬ ಉಣಬಡಿಸಿದ ಆ ಮುದುಕ ತಾನು ಮಾತ್ರ ಒಂದು ಗುಟುಕು ಗಂಜಿ ಕುಡಿಯಲು ಒಲ್ಲೆ ಎನ್ನುತ್ತಿದ್ದ. ಚನ್ನಮಲ್ಲ ಬೇಡಿಕೊಂಡಿದ್ದ, ಗದರಿದ್ದ, ಅತ್ತೂ ನೋಡಿದ್ದ. ಅಜ್ಜ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಹೀಗೇ ಬಿಟ್ಟರೆ ಅಜ್ಜ ಉಳಿಯುವುದಿಲ್ಲ ಎಂಬುದು ಗುರುಗಳಿಗೂ ಗೊತ್ತಿತ್ತು, ಶಿಷ್ಯನಿಗೂ ಗೊತ್ತಿತ್ತು.

ಗುರುಗಳು ಬಟ್ಟಲನ್ನು ಕೆಳಗಿಡಿಸಿದರು. ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿ ಮಾಡುವವನಿದ್ದ. ಹೆತ್ತವರು ಇಟ್ಟ ಹೆಸರು ಊರಿಗೆ ಮರೆತೇಹೋಗಿತ್ತು. ಎಲ್ಲರಿಗೂ ಅವನು ಗಡಿಯಾರದಪ್ಪ. ಅವನ ಕೈ ಬಂಗಾರ, ಬಾಯಿ ಮಾತ್ರ ಹಸಿಮೆಣಸಿನಕಾಯಿ. ವಾಚು ಕೆಟ್ಟಿತೆಂದು ಬಂದವರು ಮೊದಲು ಬೈಸಿಕೊಳ್ಳಬೇಕು, ರಿಪೇರಿಯ ಮಾತು ಆಮೇಲೆ. ಬೆವರು ಒರೆಸದೆ ಇಟ್ಟವರಿಗೆ ಬೈಗುಳ. ಚಾಕುವಿನಿಂದ ಹಿಂದಿನ ಮುಚ್ಚಳ ಎಬ್ಬಿಸಿ ನೋಡಿದವರಿಗೆ ಇನ್ನೂ ದೊಡ್ಡ ಬೈಗುಳ. ಒಳ್ಳೆಯ ವಾಚನ್ನು ಜೋಪಾನ ಮಾಡುತ್ತೇವೆಂದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟವರನ್ನು ಕಂಡರಂತೂ ಅವನಿಗೆ ಮೈಯೆಲ್ಲ ಉರಿ. ನಿಲ್ಲಿಸಿಟ್ಟ ಗಡಿಯಾರದಲ್ಲಿ ಎಣ್ಣೆ ಅಂಟಾಗುತ್ತದೆ, ಅಂಟಾದರೆ ಚಕ್ರ ತಿರುಗುವುದಿಲ್ಲ, ವಾಚಿಗೆ ನಡೆಯುವುದೇ ಜೋಪಾನ ಎಂದು ಅವನು ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಅವನ ಎಡಗೈಯಲ್ಲಿ ಒಂದು ವಾಚಿತ್ತು. ಅದರ ಒಳಗೆ ಅರ್ಧಚಂದ್ರದ ಆಕಾರದ ಒಂದು ತೂಕದ ಬಿಲ್ಲೆ. ಕೈ ಆಡಿದಂತೆ ಬಿಲ್ಲೆ ಆಡುತ್ತದೆ, ಬಿಲ್ಲೆ ಆಡಿದಂತೆ ಸ್ಪ್ರಿಂಗು ಬಿಗಿಯಾಗುತ್ತದೆ. ಕಟ್ಟಿಕೊಂಡವನು ಓಡಾಡಿಕೊಂಡಿದ್ದರೆ ಸಾಕು, ವಾಚೂ ಓಡಾಡಿಕೊಂಡಿರುತ್ತದೆ. ಗಡಿಯಾರದಪ್ಪ ಅದನ್ನು ದಿನವೂ ಮೆತ್ತನೆಯ ಬಟ್ಟೆಯಿಂದ ಒರೆಸುವನು. ಕಾಲಕಾಲಕ್ಕೆ ಬಿಚ್ಚಿ, ತೊಳೆದು, ಸೂಜಿಯ ಮೊನೆಯಷ್ಟು ಎಣ್ಣೆ ಬಿಡುವನು. ಎಳೆಗೂಸಿಗೆ ಎರೆಯುವ ತಾಯಿಗೂ ಅಷ್ಟು ನಾಜೂಕು ಇರಲಿಕ್ಕಿಲ್ಲ. ಬಸ್ಸಿನ ಕಂಡಕ್ಟರುಗಳು ಅವನ ಕೈ ನೋಡಿ ತಮ್ಮ ವಾಚು ಸರಿಮಾಡಿಕೊಳ್ಳುತ್ತಿದ್ದರು.

ಆ ವಾಚನ್ನು ಅವನ ಹೆಂಡತಿ ನಿಂಬೆವ್ವ ಒಮ್ಮೆಯೂ ಮುಟ್ಟಿರಲಿಲ್ಲ. ಅವನು ಮುಟ್ಟಗೊಟ್ಟಿರಲಿಲ್ಲ. ಅವಳು ಮನೆಯಲ್ಲಿ ಖಾರ ಕುಟ್ಟುವವಳು, ಉಗುರಿನ ಸಂದಿಯಿಂದ ಪುಡಿ ಉದುರುತ್ತದೆ ಎಂಬುದು ಅವನ ಕಾನೂನು. ಅವನು ಲಗ್ನವಾಗಿದ್ದು ತನ್ನನ್ನೋ ಗಡಿಯಾರವನ್ನೋ ಎಂದು ಅವಳು ಗೊಣಗುತ್ತಿದ್ದಳು. ಆದರೂ ಅವನು ಜಳಕಕ್ಕೆ ಹೋದಾಗ ಗೋಡೆಯ ಮಾಡದಲ್ಲಿ ಬಿಚ್ಚಿಟ್ಟ ವಾಚಿನ ಮೇಲೆ ಒಂದು ನೊಣವನ್ನೂ ಕೂರಗೊಡುತ್ತಿರಲಿಲ್ಲ.

ಹೀಗಿರುವಾಗ ಗಡಿಯಾರದಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ನೆಟ್ಟಗೆ ಉಳಿಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮೊದಲು ತೊದಲಿತು, ಆಮೇಲೆ ದಾರಿಗೆ ಬಂತು.

ವೈದ್ಯರು ಬಂದು ನೋಡಿದರು. ಎಡಗೈಯನ್ನು ದಿನಾ ಎತ್ತಿ ಇಳಿಸಿ ಆಡಿಸಬೇಕು, ಆಡಿಸಿದರೆ ತಿರುಗಿ ಬಂದೀತು, ಸುಮ್ಮನೆ ಬಿಟ್ಟರೆ ಮರಗಟ್ಟುತ್ತದೆ, ಆಮೇಲೆ ಯಾರಿಂದಲೂ ಆಗದು ಎಂದರು.

ಗಡಿಯಾರದಪ್ಪ ಒಲ್ಲೆ ಎಂದ. ವಾಚು ಹಿಡಿಯಲು ಒಂದು ಕೈ ಬೇಕು, ಚಿಮಟ ಹಿಡಿಯಲು ಇನ್ನೊಂದು ಕೈ ಬೇಕು. ಒಂದೇ ಕೈಯವನು ಎದ್ದು ಕುಳಿತು ಮಾಡುವುದೇನು ಎಂಬುದು ಅವನ ಲೆಕ್ಕ. ಹೆಂಡತಿ ಕೈ ಎತ್ತಲು ಹೋದರೆ ಬಲಗೈಯಿಂದ ತಳ್ಳಿಬಿಡುವನು.

"ಸತ್ತ ಕೈ ಅದು. ಹೆಣಾ ಎತ್ತಿದಂಗ ಯಾಕ ಎತ್ತತಿ? ಬಿಡು."

ನಿಂಬೆವ್ವ ಕೈಮುಗಿದಳು. ಹರಕೆ ಹೊತ್ತಳು. ಓಣಿಯ ಹಿರಿಯರನ್ನು ಕರೆತಂದು ಹೇಳಿಸಿದಳು. ಎಲ್ಲವೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಅವನ ಊಟ ಕಡಿಮೆಯಾಯಿತು. ಬೈಗುಳವೂ ಕಡಿಮೆಯಾಯಿತು, ಅವಳಿಗೆ ಅಂಜಿಕೆ ಹುಟ್ಟಿದ್ದು ಅದಕ್ಕೇ. ರೊಟ್ಟಿ ಸೀದಿದ್ದರೂ ಸುಮ್ಮನೆ ತಿಂದು ಗೋಡೆಯ ಕಡೆ ತಿರುಗುವ ಗಂಡನನ್ನು ಅವಳು ಎಂದೂ ಕಂಡಿರಲಿಲ್ಲ. ಮನುಷ್ಯ ತನ್ನ ಕೈ ಮೀರಿ ಹೋಗುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಬೈದರೆ ಬೈಯಲಿ, ಅವಳಿಗೆ ಅವನು ಬೇಕಾಗಿದ್ದ.

ಒಂದು ಬೆಳಗ್ಗೆ ಅವನ ಮೈ ಒರೆಸುವಾಗ ಅವಳ ಕಣ್ಣು ವಾಚಿನ ಮೇಲೆ ಬಿತ್ತು. ಮುಳ್ಳುಗಳು ನಿಂತಿದ್ದವು. ಲಕ್ವ ಹೊಡೆದ ಎರಡು ಮೂರು ದಿನಕ್ಕೇ ನಿಂತಿರಬೇಕು; ಮನೆಯ ಗಡಿಬಿಡಿಯಲ್ಲಿ ಅವಳು ನೋಡಿರಲಿಲ್ಲ. ಬಗ್ಗಿ ಕಿವಿಗೊಟ್ಟಳು. ಲಗ್ನವಾದಂದಿನಿಂದ ಮಗ್ಗುಲಲ್ಲಿ ಕೇಳುತ್ತಿದ್ದ ಸದ್ದು ಇರಲಿಲ್ಲ. ತಲೆ ಎತ್ತಿ ಗಂಡನ ಮುಖ ನೋಡಿದಳು. ಅವನಿಗೆ ಇದು ಎಂದೋ ಗೊತ್ತಿತ್ತು ಎಂಬುದು ಆ ಮುಖದಲ್ಲೇ ಇತ್ತು.

ಅವಳು ಅಳಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು:

"ಊರ ಮಂದಿಗೆಲ್ಲಾ ಬೈತಿದ್ರಿ, ವಾಚು ನಿಂದರಿಸಿ ಇಡಬ್ಯಾಡ್ರಿ ಅಂತ. ಈಗ ನೋಡಿದ್ರ ನಿಮ್ಮ ವಾಚೇ ನಿಂತೈತಿ. ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಆತಲ್ರಿ. ಇದರಾಗಿನ ಎಣ್ಣಿ ಅಂಟಾಗೂದಿಲ್ಲೇನು? ತರ್ರಿ ಇಲ್ಲೆ, ನಾ ಕಟಗೊಳ್ತೀನಿ. ಹಗಲೆಲ್ಲಾ ಆಡೂ ಕೈ ನಂದು."

ಗಡಿಯಾರದಪ್ಪ ಹೌಹಾರಿದ. "ಆ ಖಾರದ ಕೈಗೇನು? ಹುಚ್ಚು ಹಿಡದೈತೇನು ನಿನಗ?"

"ಹಂಗಾದ್ರ ನಿಮ್ಮ ಕೈಯಾಗ ಇರಲಿ, ಆ ಕೈ ನಾ ಆಡಸ್ತೀನಿ. ನಿಮ್ಮ ಕೈ ಸಲವಾಗಿ ಅಲ್ರಿ, ವಾಚಿನ ಸಲವಾಗಿ. ಆದ್ರ ನನಗ ಬರೂದಿಲ್ಲ. ಹ್ಯಾಂಗ ಆಡಸಬೇಕು, ನೀವು ಕಲಸ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಅವಳು ತಲೆ ಬಾಚಿಕೊಂಡು ಎಷ್ಟೋ ದಿನವಾಗಿತ್ತು. ಅವನು ಬಾಯಿ ಮುಚ್ಚಿಕೊಂಡ. ಆಮೇಲೆ, "ಮೆಲ್ಲಕ ಎತ್ತು. ಅದು ಲಟ್ಟಣಿಗಿ ಅಲ್ಲ," ಎಂದ.

ನಿಂಬೆವ್ವ ಒಂದು ಅಂಗೈಯನ್ನು ಅವನ ಮೊಣಕೈ ಕೆಳಗೆ ಕೊಟ್ಟಳು, ಇನ್ನೊಂದನ್ನು ಮಣಿಕಟ್ಟಿನ ಕೆಳಗೆ. ತೊಟ್ಟಿಲು ತೂಗಿದಂತೆ ತೂಗಿದಳು. ಒಳಗೆ ಬಿಲ್ಲೆ ಸುತ್ತಿದ್ದು ಅವಳ ಬೆರಳಿಗೆ ತಿಳಿಯಿತು. ಸೆಕೆಂಡಿನ ಮುಳ್ಳು ಅಲುಗಿತು, ತಡವರಿಸಿತು, ಹೊರಟಿತು. ಅವಳಿಗೆ ಕಣ್ಣಲ್ಲಿ ನೀರು ಬಂತು. ಬೇಗ ಮುಖ ಆಚೆ ತಿರುಗಿಸಿಕೊಂಡಳು. ವಾಚಿಗೆ ನೀರು ತಾಗಿದರೆ ಬೈಯುತ್ತಾನಲ್ಲ!

ಅಂದಿನಿಂದ ಅದು ನೇಮವಾಯಿತು. ಬೆಳಗ್ಗೆ ರೊಟ್ಟಿ ಬಡಿಯುವ ಮುಂಚೆ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ. ಮೊದಲು ಅವಳು ಕೈ ತೊಳೆದು ಉಗುರುಗಳನ್ನು ಅವನಿಗೆ ತೋರಿಸಬೇಕು. ವಾಚಿನ ಬೆನ್ನಿನ ಬೆವರನ್ನು ಒಣ ಬಟ್ಟೆಯಿಂದ ಒತ್ತಿ ತೆಗೆಯಬೇಕು, ತಿಕ್ಕಬಾರದು. ಆಮೇಲೆ ಕೈ. ಮಲಗಿದಲ್ಲಿಂದಲೇ ಅವನು ಮೇಸ್ತ್ರಿಕೆ ಮಾಡುವನು. ಮೇಲೆ ಎತ್ತು, ಇನ್ನೂ ಮೇಲೆ, ಜಗ್ಗಬೇಡ, ಒಳಗಿನ ಹಲ್ಲುಗಳು ಕೂದಲಿನಷ್ಟು ಸಣ್ಣವು. ಬೆರಳು ಬಿಡಿಸಿ ಮಡಿಸಬೇಕೆಂದು ವೈದ್ಯರು ಹೇಳಿದ್ದು ನಿಂಬೆವ್ವನಿಗೆ ನೆನಪಿತ್ತು. ಪಟ್ಟಿ ಸಡಿಲ ಮಾಡುವ ನೆಪದಲ್ಲಿ ಅದನ್ನೂ ಮಾಡಿಬಿಡುವಳು. ಅವನು ಕಂಡೂ ಕಾಣದವನಂತೆ ಇರುವನು.

ರೇಡಿಯೊದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಅವನು ವಾಚು ನೋಡುವನು. ಹಿಂದೆ ಬಿದ್ದಿದ್ದರೆ ಹುಬ್ಬು ಗಂಟಿಕ್ಕುವನು. ಇವತ್ತು ಆಡಿಸಿದ್ದು ಸಾಲದು, ಮೈಗಳ್ಳತನ ಮಾಡಿದ್ದೀಯ ಎಂದು ಬೈಯುವನು. ಅವಳು ಮರುಮಾತಿಲ್ಲದೆ ಮತ್ತೆ ಕೂರುವಳು. ಹೀಗೆ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚೇ ಆಯಿತು. ಬೈಗುಳ ತಿರುಗಿ ಬಂತು. ಬೈಗುಳದ ಬೆನ್ನಿಗೆ ಹಸಿವೂ ಬಂತು. ಸಾರಿಗೆ ಹುಣಸೆಹಣ್ಣು ಹೆಚ್ಚಾಯಿತೆಂದು ಅವನು ತಟ್ಟೆ ದೂಡಿದ ದಿನ ನಿಂಬೆವ್ವ ಒಲೆಯ ಮುಂದೆ ಕುಳಿತು ಒಬ್ಬಳೇ ನಕ್ಕಳು.

ಒಮ್ಮೆ ಅವಳು ಅವಸರದಲ್ಲಿ ಕೈಯನ್ನು ತುಸು ಜೋರಾಗಿ ಎತ್ತಿದಳು.

"ಅಯ್ಯಯ್ಯೋ!" ಎಂದು ಅವನು ಕೂಗಿದ.

ಅವನು ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಸತ್ತ ಕೈಗೆ ನೋವಾಗಿತ್ತು. ಆ ದಿನ ಅವನು ಬೈಯುವುದನ್ನೇ ಮರೆತ.

ಮತ್ತೆ ಕೆಲವು ತಿಂಗಳು ಹೋದವು. ಒಂದು ಸಂಜೆ ನೀರಿಗೆ ಹೋದ ನಿಂಬೆವ್ವನಿಗೆ ತಡವಾಯಿತು. ನಲ್ಲಿಯ ಮುಂದೆ ಕೊಡಗಳ ಸಾಲು ಸರಿಯಲೊಲ್ಲದು. ವಾಚು ನಿಂತರೆ ಏನು ಗತಿ, ಅದು ನಿಂತಿದ್ದು ನೋಡಿ ಅವನ ಮನಸ್ಸು ಮತ್ತೆ ನಿಂತರೆ ಏನು ಗತಿ ಎಂದು ಅವಳಿಗೆ ಜೀವ ಹಿಂಡಿದಂತಾಯಿತು. ಅರ್ಧ ತುಂಬಿದ ಕೊಡವನ್ನೇ ಹೊತ್ತು ಮನೆಗೆ ಓಡಿ ಬಂದಳು.

ಬಾಗಿಲಲ್ಲೇ ನಿಂತಳು. ಅವನ ಎಡಗೈ ಹೊದಿಕೆಯ ಮೇಲೆ ತಾನಾಗಿ ಎದ್ದಿತು. ಗೇಣೆತ್ತರವೂ ಇಲ್ಲ. ನಡುಗಿತು, ಬಿದ್ದಿತು. ಅವನ ಹಣೆಯ ಮೇಲೆಲ್ಲ ಬೆವರು. ಹಲ್ಲು ಕಚ್ಚಿ ಮತ್ತೊಮ್ಮೆ ಎತ್ತಿದ. ಆಮೇಲೆ ಅವಳನ್ನು ಕಂಡು ಹೇಳಿದ:

"ಅಂಜಬ್ಯಾಡ. ನಡದೈತಿ."

ನಿಂಬೆವ್ವ ಕೊಡ ಇಳಿಸಿದ್ದೆಲ್ಲಿ ಎಂಬುದು ಅವಳಿಗೇ ತಿಳಿಯಲಿಲ್ಲ. ಹಾಸಿಗೆಯ ಬದಿಗೆ ಕುಸಿದು ಕುಳಿತು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಅವಳು ಕೈ ತೊಳೆದಿರಲಿಲ್ಲ. ಕಣ್ಣೀರು ವಾಚಿನ ಗಾಜಿನ ಮೇಲೆ ಇಳಿಯಿತು. ಗಡಿಯಾರದಪ್ಪ ಅದನ್ನು ಒರೆಸಲು ಹೋಗಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚನ್ನಮಲ್ಲನಿಗೆ ಸಂತೋಷವಾಗಿತ್ತು, ಆದರೆ ಒಂದು ಅನುಮಾನವೂ ಇತ್ತು. ಮಠಕ್ಕೆ ಬರುವ ಮುಂಚೆ ಅವನೂ ಅಂಥದೊಂದು ವಾಚು ಕಟ್ಟಿದವನು.

"ಅಪ್ಪಾರ, ಅಂಥಾ ವಾಚಿಗೂ ಬಾಜೂಕ ಒಂದು ಕೀ ಇರತೈತ್ರಿ. ಎರಡು ಬೆರಳಿಲೆ ತಿರುವಿದ್ರ ಸಾಕು, ನಡೀತೈತಿ, ಕೈ ಆಡಸೂದೇ ಬ್ಯಾಡ. ಅವನ ಬಲಗೈ ಛಲೋ ಇತ್ತಲ್ರಿ. ಆ ಅವ್ವಗ ಗೊತ್ತಿರಲಿಕ್ಕಿಲ್ಲ. ಗಡಿಯಾರದಪ್ಪಗ ಗೊತ್ತಿರಲಿಲ್ಲೇನ್ರಿ?"

ಗುರುಗಳು ನಕ್ಕರು. "ಗೊತ್ತಿರದ ಏನು? ಅದನ್ನ ಹೇಳಾಕಂತನ ಮೊದಲನೇ ದಿನ ಬಾಯಿ ತಗದಿದ್ದ. ಆದ್ರ ಆಕಿ 'ನನಗ ಬರೂದಿಲ್ಲ, ಕಲಸ್ರಿ' ಅಂದುಬಿಟ್ಟಿದ್ಲು. ಹಂಗ ಕೇಳಿದಾಕಿಗೆ ಇಲ್ಲ ಅನ್ನಾಕ ಅವಗ ಮನಸ ಬರಲಿಲ್ಲ."

ಚನ್ನಮಲ್ಲ ಕೆಳಗಿದ್ದ ಬಟ್ಟಲನ್ನು ನೋಡಿದ. ಗಂಜಿಯ ಮೇಲೆ ಕೆನೆಗಟ್ಟಿತ್ತು.

"ನಾನೂ ಏನ ಕಡಿಮಿ ಮಾಡೀನ್ರಿ, ಅಪ್ಪಾರ? ಅಜ್ಜಗ ಔಷಧ ಕೊಟ್ಟೆ, ಹಣ್ಣು ಕೊಟ್ಟೆ, ಹೊತ್ತಹೊತ್ತಿಗೆ ಬಿಸಿ ಗಂಜಿ ಕೊಟ್ಟೆ."

ಗುರುಗಳು ಬಟ್ಟಲನ್ನು ಎತ್ತಿ ಅವನ ಕೈಗೆ ಕೊಟ್ಟು ಕೇಳಿದರು:

"ತಮ್ಮಾ, ಈ ಗಂಜಿಗೆ ಉಪ್ಪು ಎಷ್ಟು ಹಾಕಬೇಕು ಅಂತ ಅಜ್ಜನ್ನ ಒಂದ ಸಲಾ ಆದ್ರೂ ಕೇಳೀಯೇನು?"

ಚನ್ನಮಲ್ಲ ಬಟ್ಟಲು ಹಿಡಿದು ಎದ್ದು ಅಜ್ಜನ ಹಾಸಿಗೆಯ ಕಡೆ ನಡೆದ.